ಹಾಯಿದೋಣಿಯವರಿಗೆ ಯಾವ ಗಾಳಿ ಇಷ್ಟ, ಯಾಕೆ ಇಷ್ಟ? ಪದೇ ಪದೇ ಕೇಳುವ ಪ್ರಶ್ನೆಗಳು

ಹಾಯಿದೋಣಿ ಓಡಿಸುವ ನಾಲ್ಕು ಜನ ಸೇರಿದರೆ ಈ ಮಾತು ಬಂದೇ ಬರುತ್ತದೆ: ಯಾವ ಗಾಳಿಯಲ್ಲಿ ಓಡೋದು ನಿಮಗೆ ಇಷ್ಟ? ಒಬ್ಬರು ಅಡ್ಡಗಾಳಿ ಅನ್ನುತ್ತಾರೆ. ಇನ್ನೊಬ್ಬರು ಹಿಂದಿನಿಂದ ಓರೆಯಾಗಿ ಬರುವ ಗಾಳಿ ಅನ್ನುತ್ತಾರೆ. ಅಷ್ಟು ಹೊತ್ತು ಸುಮ್ಮನೆ ಕೂತಿದ್ದ ಒಬ್ಬರು "ಎದುರುಗಾಳಿಯ ಸುಖ ಬೇರೆ ಯಾವುದರಲ್ಲೂ ಇಲ್ಲ" ಅನ್ನುತ್ತಾರೆ. ಹೊಸದಾಗಿ ಕಲಿಯುವವರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಉತ್ತರದಲ್ಲಿ ಲೆಕ್ಕವೂ ಇದೆ, ನನ್ನ ಅಭಿಪ್ರಾಯವೂ ಇದೆ.

ಪಾಯಿಂಟ್ ಆಫ್ ಸೇಲ್ ಅಂದರೆ ಏನು?

ಗಾಳಿ ಬರುವ ದಿಕ್ಕಿಗೂ ದೋಣಿಯ ಮೂತಿಗೂ ನಡುವೆ ಇರುವ ಕೋನ. ಅಷ್ಟೇ. ಈ ಕೋನ ಬದಲಾದ ಹಾಗೆ ಹಾಯಿಯನ್ನು ಎಷ್ಟು ಬಿಗಿ ಮಾಡಬೇಕು, ದೋಣಿ ಎಷ್ಟು ವಾಲುತ್ತದೆ, ಎಷ್ಟು ಓಡುತ್ತದೆ ಎಲ್ಲವೂ ಬದಲಾಗುತ್ತವೆ.

ಮೂತಿ ನೇರ ಗಾಳಿಯ ಕಡೆಗೆ ಇದ್ದರೆ ದೋಣಿ ಓಡುವುದಿಲ್ಲ. ಹಾಯಿ ಬಾವುಟದ ಹಾಗೆ ಪಟಪಟ ಬಡಿಯುತ್ತದೆ. ಎರಡೂ ಪಕ್ಕಕ್ಕೆ ಸುಮಾರು 45 ಡಿಗ್ರಿವರೆಗೆ ಇದೇ ಕಥೆ. ಅದರ ಅಂಚಿನಲ್ಲಿ, ಹಾಯಿಯನ್ನು ಪೂರ್ತಿ ಬಿಗಿದು ಓಡುವುದು ಕ್ಲೋಸ್ ಹಾಲ್ಡ್, ಅಂದರೆ ಎದುರುಗಾಳಿ ಓಟ. ಮೂತಿಯನ್ನು ಸ್ವಲ್ಪ ತಿರುಗಿಸಿ 60 ಡಿಗ್ರಿ ಹತ್ತಿರ ಬಂದರೆ ಕ್ಲೋಸ್ ರೀಚ್. ಗಾಳಿ ಸರಿಯಾಗಿ ಪಕ್ಕದಿಂದ, 90 ಡಿಗ್ರಿಯಲ್ಲಿ ಬಂದರೆ ಬೀಮ್ ರೀಚ್. ಇದನ್ನು ನಾನು ಅಡ್ಡಗಾಳಿ ಅನ್ನುತ್ತೇನೆ. ಹಿಂದಿನಿಂದ ಓರೆಯಾಗಿ, 120ರಿಂದ 150 ಡಿಗ್ರಿ ಆಸುಪಾಸಿನಲ್ಲಿ ಬಂದರೆ ಬ್ರಾಡ್ ರೀಚ್, ಓರೆಗಾಳಿ. ನೇರ ಬೆನ್ನಿಗೆ ಬಂದರೆ ರನ್ನಿಂಗ್, ಬೆನ್ನುಗಾಳಿ.

"ಗಾಳಿ ಬಂದಾಗ ತೂರಿಕೋ" ಅನ್ನುತ್ತಾರೆ. ಹಾಯಿದೋಣಿಯಲ್ಲಿ ಗಾಳಿ ಬಂದರೆ ಮಾತ್ರ ಸಾಲದು. ಯಾವ ಕಡೆಯಿಂದ ಬಂತು ಅನ್ನೋದನ್ನೂ ನೋಡಬೇಕು.

ಹೆಚ್ಚಿನವರು ಇಷ್ಟಪಡೋದು ಯಾವುದನ್ನು?

ನಾನು ಕೇಳಿದ ಮಟ್ಟಿಗೆ ರೀಚ್‌ಗಳನ್ನು, ಅಂದರೆ ಅಡ್ಡಗಾಳಿ ಮತ್ತು ಓರೆಗಾಳಿಯನ್ನು. ಇವೆರಡರಲ್ಲಿ ದೋಣಿ ಚೆನ್ನಾಗಿ ಓಡುತ್ತದೆ, ಹೆಚ್ಚು ವಾಲುವುದಿಲ್ಲ, ಬಟ್ಟೆ ಒದ್ದೆಯಾಗೋದು ಕಡಿಮೆ. ಹಾಯಿಯನ್ನು ಒಂದಿಷ್ಟು ತಪ್ಪಾಗಿ ಹಿಡಿದರೂ ದೋಣಿ ಮುನಿಸಿಕೊಳ್ಳುವುದಿಲ್ಲ.

ಆದರೆ "ಯಾಕೆ ಇಷ್ಟ" ಅಂತ ಮುಂದಕ್ಕೆ ಕೇಳಿ ನೋಡಿ. ವೇಗ ಅಂತ ಶುರು ಮಾಡಿದವರು ಎರಡೇ ಮಾತಿನಲ್ಲಿ ಬೇರೆಲ್ಲೋ ಹೋಗುತ್ತಾರೆ. ಗಾಳಿ ಕೆನ್ನೆಗೆ ತಾಗಿದ ಬಗೆ, ಚುಕ್ಕಾಣಿಯ ಹಿಡಿಯಲ್ಲಿ ಬಂದ ಸಣ್ಣ ಎಳೆತ, ನೀರಿನ ಸದ್ದು. ಇಷ್ಟದ ಓಟವನ್ನು ಆರಿಸುವುದು ಮೈ ಅಂತ ನನಗೆ ಅನ್ನಿಸುತ್ತದೆ. ಮೈಗೆ ತಾಗುವ ಗಾಳಿ ಪ್ರತಿ ಕೋನದಲ್ಲೂ ಬೇರೆ ಬೇರೆ. ಅದು ಹೇಗೆ ಅನ್ನೋದು ಮುಂದಿನ ಪ್ರಶ್ನೆ.

ಅದೇ ದಿನ, ಅದೇ ಗಾಳಿ. ಒಂದು ಕಡೆ ಹೋದರೆ ಬಿರುಸು, ಇನ್ನೊಂದು ಕಡೆ ಹೋದರೆ ತಣ್ಣಗೆ. ಯಾಕೆ?

ಇದನ್ನು ಅರ್ಥ ಮಾಡಿಕೊಂಡರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ. ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಗಾಳಿಯೇ ಇಲ್ಲದ ಹೊತ್ತಿನಲ್ಲಿ ಸೈಕಲ್ ತುಳಿದರೂ ಮುಖಕ್ಕೆ ಗಾಳಿ ಬಡಿಯುತ್ತದೆ ಅಲ್ವಾ? ಅದು ನಿಮ್ಮ ಓಟದಿಂದ ಹುಟ್ಟಿದ ಗಾಳಿ. ದೋಣಿಯಲ್ಲೂ ಹಾಗೇ. ನಿಜವಾಗಿ ಬೀಸುವ ಗಾಳಿ ಒಂದು. ದೋಣಿ ಓಡುವುದರಿಂದ ಹುಟ್ಟುವ ಗಾಳಿ ಇನ್ನೊಂದು. ಎರಡೂ ಸೇರಿ ಹಾಯಿಗೂ ನಮ್ಮ ಮುಖಕ್ಕೂ ತಾಗುವ ಗಾಳಿ ಆಗುತ್ತದೆ. ಇದಕ್ಕೆ ಅಪರೆಂಟ್ ವಿಂಡ್ ಎಂದು ಹೆಸರು. ನಾನು "ತಾಗುವ ಗಾಳಿ" ಎಂದೇ ಕರೆಯುತ್ತೇನೆ.

ಲೆಕ್ಕ ನೋಡೋಣ. 10 ನಾಟ್ ಗಾಳಿ ಇದೆ, ದೋಣಿ 5 ನಾಟ್ ಓಡುತ್ತಿದೆ ಅಂದುಕೊಳ್ಳಿ. ಒಂದು ನಾಟ್ ಅಂದರೆ ಗಂಟೆಗೆ 1.852 ಕಿಲೋಮೀಟರ್. 45 ಡಿಗ್ರಿಯ ಎದುರುಗಾಳಿ ಓಟದಲ್ಲಿ ತಾಗುವ ಗಾಳಿ ಸುಮಾರು 14 ನಾಟ್. ಅಡ್ಡಗಾಳಿಯಲ್ಲಿ 11 ನಾಟ್‌ಗಿಂತ ಸ್ವಲ್ಪ ಜಾಸ್ತಿ. ಅದೂ ಸರಿಯಾಗಿ ಪಕ್ಕದಿಂದ ಬಂದ ಹಾಗೆ ಅನ್ನಿಸುವುದಿಲ್ಲ. ಮೂತಿಯಿಂದ ಸುಮಾರು 63 ಡಿಗ್ರಿಯಲ್ಲಿ ಬಂದ ಹಾಗೆ ಅನ್ನಿಸುತ್ತದೆ. 135 ಡಿಗ್ರಿಯ ಓರೆಗಾಳಿಯಲ್ಲಿ ಸುಮಾರು 7.4 ನಾಟ್. ನೇರ ಬೆನ್ನುಗಾಳಿಯಲ್ಲಿ ಹತ್ತರಲ್ಲಿ ಐದು ಕಳೆದು ಬರೀ 5 ನಾಟ್.

ಇನ್ನೂ ಒಂದು ಮಾತಿದೆ. ಗಾಳಿಯ ಒತ್ತಡ ಗಾಳಿಯ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಾಳಿ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಹಾಗಾಗಿ ಬೆನ್ನುಗಾಳಿಯ 5 ನಾಟ್‌ಗೂ ಎದುರುಗಾಳಿಯ 14 ನಾಟ್‌ಗೂ ಒತ್ತಡದಲ್ಲಿ ಸುಮಾರು 8 ಪಟ್ಟು ವ್ಯತ್ಯಾಸ. ಸಮುದ್ರ ಅದೇ, ಗಾಳಿ ಅದೇ. ಒಂದು ಓಟದಲ್ಲಿ ಜಾಕೆಟ್ಟಿನ ಜಿಪ್ ಕತ್ತಿನವರೆಗೆ ಎಳೆದುಕೊಳ್ಳುತ್ತೀರಿ. ಇನ್ನೊಂದರಲ್ಲಿ ಅದನ್ನು ಬಿಚ್ಚಿ ಪಕ್ಕಕ್ಕೆ ಇಡುತ್ತೀರಿ.

ಅಡ್ಡಗಾಳಿಯಲ್ಲೇ ದೋಣಿ ಎಲ್ಲಕ್ಕಿಂತ ಜೋರಾಗಿ ಓಡುತ್ತದಾ?

ಯಾವಾಗಲೂ ಇಲ್ಲ. ಕಲಿಸುವವರು ಸುಲಭಕ್ಕೆಂದು ಹಾಗೆ ಹೇಳುತ್ತಾರೆ. ಮಾಮೂಲಿ ಒಂದೇ ಒಡಲಿನ ದೋಣಿಗೆ, ಹದವಾದ ಗಾಳಿಯಲ್ಲಿ, ಅತಿ ಹೆಚ್ಚು ವೇಗ ಸಿಗುವುದು ಅಡ್ಡಗಾಳಿ ಮತ್ತು ಓರೆಗಾಳಿಯ ನಡುವೆ ಎಲ್ಲೋ ಒಂದು ಕಡೆ. ಗಾಳಿ ತೀರ ಮಂದವಾಗಿದ್ದರೆ ಮೂತಿಯನ್ನು ಸ್ವಲ್ಪ ಗಾಳಿಯ ಕಡೆ ಏರಿಸಿದರೆ ಒಳ್ಳೆಯದು. ಆಗ ತಾಗುವ ಗಾಳಿ ಹೆಚ್ಚಾಗುತ್ತದೆ. ಗಾಳಿ ಜೋರಾದಷ್ಟೂ ವೇಗದ ಕೋನ ಹಿಂದಕ್ಕೆ ಸರಿಯುತ್ತದೆ.

ಭಾರದ ದೋಣಿಗೆ ಒಂದು ಮಿತಿಯೂ ಇದೆ. ಓಡುವಾಗ ದೋಣಿ ತನ್ನದೇ ಅಲೆ ಎಬ್ಬಿಸುತ್ತದೆ, ಆ ಅಲೆಯ ತಗ್ಗಿನಲ್ಲೇ ಸಿಕ್ಕಿಕೊಳ್ಳುತ್ತದೆ. ನೀರಿಗೆ ತಾಗುವ ಉದ್ದವನ್ನು ಅಡಿಗಳಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಆ ಮಿತಿ ನಾಟ್‌ಗಳಲ್ಲಿ ಸಿಗುತ್ತದೆ. 25 ಅಡಿಗೆ 6.7 ನಾಟ್. 36 ಅಡಿಗೆ ಸುಮಾರು 8 ನಾಟ್. ಹದವಾದ ಗಾಳಿ ಸಿಕ್ಕರೆ ಇಂಥ ದೋಣಿ ಮೂರು ನಾಲ್ಕು ಕೋನಗಳಲ್ಲಿ ಹೆಚ್ಚು ಕಡಿಮೆ ಇದೇ ಮಿತಿಯ ಹತ್ತಿರ ಓಡುತ್ತಿರುತ್ತದೆ. ಹಾಗಾಗಿ ಇಷ್ಟ ಯಾವುದು ಅನ್ನೋದನ್ನು ವೇಗದ ಮುಳ್ಳು ನೋಡಿ ತೀರ್ಮಾನ ಮಾಡೋಕಾಗಲ್ಲ.

ಅಡ್ಡಗಾಳಿಯಲ್ಲಿ ಅಂಥ ಸುಖ ಏನಿದೆ?

ಎಲ್ಲವೂ ಅಳತೆಗೆ ತಕ್ಕ ಹಾಗೆ ಇರುತ್ತದೆ. ಎದುರುಗಾಳಿಯಲ್ಲಿ ಹಾಯಿಯ ಶಕ್ತಿ ಹೆಚ್ಚಾಗಿ ಪಕ್ಕಕ್ಕೆ ತಳ್ಳುವುದರಲ್ಲೇ ಹೋಗುತ್ತದೆ. ದೋಣಿಯ ಅಡಿಯಲ್ಲಿರುವ ಕೀಲ್ ಅದನ್ನು ತಡೆದು ನಿಲ್ಲುತ್ತದೆ, ದೋಣಿ ವಾಲುತ್ತದೆ. ಅಡ್ಡಗಾಳಿಗೆ ಬಂದಾಗ ಹಾಯಿಯನ್ನು ಅರ್ಧ ಬಿಡುತ್ತೇವೆ. ಆ ಶಕ್ತಿಯ ದೊಡ್ಡ ಪಾಲು ಮುಂದಕ್ಕೆ ತಿರುಗುತ್ತದೆ. ದೋಣಿ ಎದ್ದು ಕೂತು ಓಡುತ್ತದೆ.

ಎಡಕ್ಕೂ ಬಲಕ್ಕೂ ತಿರುಗಲು ಜಾಗ ಇರುತ್ತದೆ. ಗಾಳಿಯ ದಿಕ್ಕು ಹತ್ತು ಡಿಗ್ರಿ ಆಚೀಚೆ ಆದರೂ ಗಾಬರಿ ಇಲ್ಲ. ಹೋದ ದಾರಿಯಲ್ಲೇ ವಾಪಸ್ ಬರಬಹುದು. ಹೋಗುವಾಗ ಒಂದು ಪಕ್ಕದಿಂದ ಗಾಳಿ, ಬರುವಾಗ ಇನ್ನೊಂದು ಪಕ್ಕದಿಂದ. ಸುಮ್ನೆ ಒಂದು ಸಂಜೆ ನೀರಿಗೆ ಇಳಿಯುವವರಿಗೆ ಇದಕ್ಕಿಂತ ಬೇರೇನು ಬೇಕು?

ಎದುರುಗಾಳಿ ಓಟವನ್ನು ಇಷ್ಟಪಡುವವರೂ ಇದ್ದಾರಾ? ಅದು ಬರೀ ಕಷ್ಟ ತಾನೇ?

ಇದ್ದಾರೆ. ಅವರಲ್ಲಿ ನಾನೂ ಒಬ್ಬ.

ಕಷ್ಟ ಇರೋದು ನಿಜ. ದೋಣಿ ವಾಲಿಕೊಂಡೇ ಓಡುತ್ತದೆ. ಒಳಗೆ ಒಂದು ಲೋಟ ಇಟ್ಟರೂ ಜಾರುತ್ತದೆ. ಮೂತಿ ಅಲೆಗೆ ಬಡಿದಾಗೆಲ್ಲ ನೀರು ಹಾರಿ ಮುಖಕ್ಕೆ ಬೀಳುತ್ತದೆ. ಸೇರಬೇಕಾದ ಜಾಗ ನೇರ ಎದುರಿಗಿದ್ದರೂ ನೇರ ಹೋಗುವ ಹಾಗಿಲ್ಲ. ಎಡಕ್ಕೊಮ್ಮೆ, ಬಲಕ್ಕೊಮ್ಮೆ ಟ್ಯಾಕ್ ಮಾಡುತ್ತಾ ಹಾವಿನ ಹಾಗೆ ಏರಬೇಕು. 45 ಡಿಗ್ರಿಯಲ್ಲಿ ಓಡಿದರೆ 10 ಮೈಲಿ ಎದುರಿಗೆ ಹೋಗೋಕೆ 14 ಮೈಲಿಗೂ ಹೆಚ್ಚು ನೀರು ದಾಟಬೇಕು. ಹಳೆಯ ಕಾಲದ ಚೌಕ ಹಾಯಿಯ ಹಡಗುಗಳಿಗೆ ಗಾಳಿಯ ಹತ್ತಿರ ಹೋಗುವ ಮಿತಿಯೇ ಸುಮಾರು 67 ಡಿಗ್ರಿ. ಅವುಗಳಿಗೆ ಅದೇ 10 ಮೈಲಿ ಅಂದರೆ 26 ಮೈಲಿಯಷ್ಟು ದಾರಿ. ಪಕ್ಕಕ್ಕೆ ಕೊಚ್ಚಿ ಹೋಗೋದು ಬೇರೆ. ಸಭ್ಯರು ಎದುರುಗಾಳಿಗೆ ಹೋಗುವುದಿಲ್ಲ ಎಂಬ ಮಾತು ನಾವಿಕರಲ್ಲಿ ಇದೆ.

ಆದರೂ ಯಾಕೆ ಇಷ್ಟ? ಈ ಓಟದಲ್ಲಿ ದೋಣಿ ನಿಮ್ಮ ಜೊತೆ ಬಿಡದೆ ಮಾತಾಡುತ್ತಿರುತ್ತದೆ. ಹಾಯಿಯ ಮುಂದಿನ ಅಂಚಿನ ಹತ್ತಿರ ಎರಡೂ ಕಡೆ ಉಣ್ಣೆಯ ಎಳೆಗಳನ್ನು ಅಂಟಿಸಿರುತ್ತಾರೆ. ಅವು ಟೆಲ್‌ಟೇಲ್. ಎರಡೂ ಎಳೆ ನೇರ ಹಿಂದಕ್ಕೆ ಹರಿಯುತ್ತಿದ್ದರೆ ನೀವು ಸರಿಯಾದ ಗೆರೆಯಲ್ಲಿದ್ದೀರಿ. ಗಾಳಿ ಬರುವ ಕಡೆಯ ಎಳೆ ಕುಣಿಯಲು ಶುರುವಾದರೆ ಮೂತಿ ಗಾಳಿಗೆ ಹೆಚ್ಚು ಏರಿದೆ. ಆಚೆ ಕಡೆಯ ಎಳೆ ಕುಣಿದರೆ ಹೆಚ್ಚು ಇಳಿದಿದೆ, ಅಂದರೆ ಗಾಳಿಯಿಂದ ದೂರ ತಿರುಗಿದೆ. ಸರಿಯಾದ ಗೆರೆ ಎರಡು ಮೂರು ಡಿಗ್ರಿಯಷ್ಟೇ ಅಗಲ. ಗಾಳಿ ಒಂದೇ ಸಮ ಬೀಸುವುದಿಲ್ಲವಾದ್ದರಿಂದ ಆ ಗೆರೆಯೂ ಸರಿಯುತ್ತಲೇ ಇರುತ್ತದೆ.

ಮೊದಮೊದಲು ಎಳೆ ನೋಡಿಕೊಂಡೇ ಓಡಿಸುತ್ತೀರಿ. ಆಮೇಲೆ ಒಂದು ದಿನ, ನೋಡದೆ ಇದ್ದರೂ ಕೈಗೆ ಗೊತ್ತಾಗುತ್ತದೆ. ಹದವಾಗಿ ಹೊಂದಿಸಿದ ದೋಣಿಯ ಚುಕ್ಕಾಣಿಯಲ್ಲಿ ಒಂದು ಸಣ್ಣ ಎಳೆತ ಇರುತ್ತದೆ. ಮೂತಿ ತಾನಾಗಿ ಗಾಳಿಯ ಕಡೆ ತಿರುಗಲು ನೋಡುತ್ತದೆ. ಎರಡು ಬೆರಳಿನಲ್ಲಿ ಅದನ್ನು ತಡೆದು ಹಿಡಿಯುವುದೇ ಸುಖ. ಗಾಳಿ ಬಲವಾದಾಗ ಎಳೆತ ಹೆಚ್ಚುತ್ತದೆ. ಸ್ವಲ್ಪ ಏರಲು ಬಿಡುತ್ತೀರಿ. ಒಂದೊಂದೇ ಅಡಿ ಗಾಳಿಯಿಂದ ಗೆದ್ದುಕೊಳ್ಳುತ್ತೀರಿ. ಗಾಳಿ ಬರುವ ಕಡೆಗೇ ಗಾಳಿಯ ಬಲದಿಂದ ಹೋಗುವುದು! ಇಷ್ಟು ವರ್ಷ ಆದರೂ ನನಗೆ ಇದರ ಬೆರಗು ಇಳಿದಿಲ್ಲ.

ನೀರು ಸಮವಾಗಿದ್ದು 12 ನಾಟ್ ಗಾಳಿ ಇದ್ದರೆ ಸಾಕು, ಆ ದಿನ ನಾನು ಬೇರೆ ಓಟ ಕೇಳುವುದಿಲ್ಲ. ಅಲೆ ದೊಡ್ಡದಾಗಿ, ಗಿಡ್ಡ ಅಂತರದಲ್ಲಿ ಬರುತ್ತಿದ್ದರೆ ಆ ಮಾತು ಬೇರೆ. ಆಗ ಪ್ರತಿ ಅಲೆಗೂ ದೋಣಿ ನಿಂತು ನಿಂತು ಹೋಗುತ್ತದೆ. ಅದನ್ನು ಯಾರಿಗೂ ಸುಖ ಎಂದು ಹೇಳಲಾರೆ.

ತಿಂಗಳುಗಟ್ಟಲೆ ಎದುರುಗಾಳಿಯಲ್ಲೇ ಹೋದವರು ಇದ್ದಾರಾ?

ಇದ್ದಾರೆ. ದಕ್ಷಿಣದ ಮಹಾಸಾಗರದಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಹಾಗಾಗಿ ಆ ಸಾಗರದ ದಾರಿಯಲ್ಲಿ ಭೂಮಿ ಸುತ್ತುವ ದೋಣಿಗಳು ಹೆಚ್ಚಾಗಿ ಪೂರ್ವದ ಕಡೆಗೇ ಹೋಗುತ್ತವೆ. ಒಬ್ಬಂಟಿಯಾಗಿ, ಎಲ್ಲೂ ನಿಲ್ಲದೆ ಮೊದಲು ಭೂಮಿ ಸುತ್ತಿದ ರಾಬಿನ್ ನಾಕ್ಸ್-ಜಾನ್‌ಸ್ಟನ್ 1968-69ರಲ್ಲಿ ಹೋಗಿದ್ದು ಹಾಗೇ, ತಮ್ಮ 32 ಅಡಿಯ ಸುಹೈಲಿ ದೋಣಿಯಲ್ಲಿ. ಮರು ವರ್ಷ, 1970ರಲ್ಲಿ ಹೊರಟ ಚೇ ಬ್ಲೈತ್ ಬೇಕಂತಲೇ ಉಲ್ಟಾ ದಾರಿ ಹಿಡಿದರು. ಪಶ್ಚಿಮಕ್ಕೆ, ಬೀಸುವ ಗಾಳಿಗೆ ಎದುರಾಗಿ, ಎಲ್ಲೂ ನಿಲ್ಲದೆ ಒಬ್ಬರೇ ಸುತ್ತಿ 292 ದಿನಗಳಲ್ಲಿ 1971ರಲ್ಲಿ ವಾಪಸ್ ಬಂದರು. ಹಾಗೆ ಹೋದವರಲ್ಲಿ ಅವರೇ ಮೊದಲಿಗರು. ಅದು ಇಷ್ಟದ ಓಟ ಆಗಿತ್ತೋ, ಹಟದ ಓಟ ಆಗಿತ್ತೋ, ಆ ದಿನಗಳ ಲೆಕ್ಕ ನೋಡಿದಾಗೆಲ್ಲ ನನಗೆ ಗೌರವ ಬರುತ್ತದೆ.

ಕ್ಲೋಸ್ ರೀಚ್ ಬಗ್ಗೆ ಯಾರೂ ಮಾತಾಡುವುದಿಲ್ಲ ಯಾಕೆ?

ಅದಕ್ಕೆ ಹೆಸರು ಕಡಿಮೆ, ಗುಣ ಜಾಸ್ತಿ. ಪೂರ್ತಿ ಬಿಗಿದ ಹಾಯಿಯನ್ನು ಒಂದು ಗೇಣು ಬಿಟ್ಟು ಮೂತಿಯನ್ನು ಹತ್ತು ಹದಿನೈದು ಡಿಗ್ರಿ ಇಳಿಸಿ ನೋಡಿ. ಬಡಿತ ಕಡಿಮೆ ಆಗುತ್ತದೆ, ವೇಗ ಏರುತ್ತದೆ, ಕೈಯಲ್ಲಿನ ಎಳೆತ ಮಾತ್ರ ಹಾಗೇ ಇರುತ್ತದೆ. ಮಂದಗಾಳಿಯ ದಿನ ಇದಕ್ಕಿಂತ ಒಳ್ಳೆಯ ಓಟ ಸಿಗುವುದು ಕಷ್ಟ. ಗಂಟೆಗಟ್ಟಲೆ ಎದುರುಗಾಳಿಯಲ್ಲಿ ಹೋಗಿ, ಕೊನೆಗೆ ಒಂದು ತುದಿ ದಾಟಿ ಕ್ಲೋಸ್ ರೀಚ್‌ಗೆ ತಿರುಗಿದಾಗ ದೋಣಿಯಲ್ಲಿ ಇರುವ ಎಲ್ಲರ ಭುಜವೂ ಸಡಿಲ ಆಗುತ್ತದೆ.

ಓರೆಗಾಳಿಗೆ ಹುಚ್ಚರಾದವರು ಹೇಳೋದು ಏನು?

ಅಲೆಯ ಮೇಲೆ ಜಾರುವುದನ್ನು ಹೇಳುತ್ತಾರೆ. ಅದನ್ನು ಒಮ್ಮೆ ಅನುಭವಿಸಿದವರು ಮರೆಯುವುದಿಲ್ಲ.

ಗಾಳಿಯೂ ಅಲೆಯೂ ಹಿಂದಿನಿಂದ, ಸ್ವಲ್ಪ ಓರೆಯಾಗಿ ಬರುತ್ತಿರುತ್ತವೆ. ಹಿಂಭಾಗ ಮೆಲ್ಲಗೆ ಏಳುತ್ತದೆ. ಅಲೆಯ ಇಳಿಜಾರಿಗೆ ಮೂತಿ ಬಗ್ಗುತ್ತದೆ. ಆ ಕ್ಷಣಕ್ಕೆ ಸರಿಯಾಗಿ ಹಾಯಿಯನ್ನು ಒಮ್ಮೆ ಎಳೆದರೆ ದೋಣಿ ಹೊರಟಿತು. ಹಿಂದೆ ಹೇಳಿದ ಅಲೆಯ ಮಿತಿ ಇಲ್ಲಿ ಮುರಿಯುತ್ತದೆ. 6 ನಾಟ್ ಓಡುತ್ತಿದ್ದದ್ದು ಕೆಲವು ಸೆಕೆಂಡ್ 9-10 ನಾಟ್ ಓಡಬಹುದು. ಚುಕ್ಕಾಣಿ ಹಗುರ ಆಗುತ್ತದೆ, ಅಡಿಯಲ್ಲಿ ನೀರು ಗುನುಗುತ್ತದೆ. ಡಿಂಗಿ ಎಂಬ ಹಗುರವಾದ ಪುಟ್ಟ ದೋಣಿಯಲ್ಲಿ ಆದರೆ ಅಲೆಯೂ ಬೇಡ. ಬಲವಾದ ಗಾಳಿ ಸಿಕ್ಕರೆ ಒಡಲು ನೀರನ್ನು ಸೀಳುವುದು ಬಿಟ್ಟು ನೀರಿನ ಮೇಲೇ ಹಾರಿದ ಹಾಗೆ ಜಾರುತ್ತದೆ. ಇದಕ್ಕೆ ಪ್ಲೇನಿಂಗ್ ಅನ್ನುತ್ತಾರೆ.

ಹಾಯಿಹಡಗುಗಳ ಕೊನೆಯ ಕಾಲದ ಕ್ಲಿಪರ್‌ಗಳಿಗೂ, ಅಂದರೆ ವೇಗದ ಸರಕು ಹಡಗುಗಳಿಗೂ, ಇದೇ ಗಾಳಿ ಬೇಕಿತ್ತು. 1869ರಲ್ಲಿ ಕಟ್ಟಿದ ಕಟಿ ಸಾರ್ಕ್ ಇವತ್ತಿಗೂ ಲಂಡನ್ನಿನ ಗ್ರೀನಿಚ್‌ನಲ್ಲಿ ನಿಂತಿದೆ. ಅದು ಮುಟ್ಟಿದ ಅತಿ ಹೆಚ್ಚು ವೇಗ 17.5 ನಾಟ್. ಹಿಂದಿನಿಂದ ಬೀಸುವ ಬಲವಾದ ಗಾಳಿಯಲ್ಲೇ ಅಂಥ ಹಡಗುಗಳು ತಮ್ಮ ಹೆಸರು ಗಳಿಸಿದ್ದು.

ಓರೆಗಾಳಿಗೆ ಒಂದು ದೋಷ ಇದೆ. ಗಾಳಿ ಎಷ್ಟು ಏರಿದೆ ಅಂತ ತಿಳಿಯುವುದಿಲ್ಲ. ಅತಿಯಾಗಿ ಹಾಯಿ ಹಾಕಿಕೊಂಡು ಓಡುತ್ತಿದ್ದರೆ ಒಂದು ಅಲೆ ಹಿಂಭಾಗವನ್ನು ಪಕ್ಕಕ್ಕೆ ತಳ್ಳುತ್ತದೆ, ದೋಣಿ ವಾಲುತ್ತದೆ, ಚುಕ್ಕಾಣಿ ನೀರಿನ ಹಿಡಿತ ಕಳೆದುಕೊಳ್ಳುತ್ತದೆ. ಮೂತಿ ಗಿರಕಿ ಹೊಡೆದು ಗಾಳಿಗೆ ಅಡ್ಡ ನಿಲ್ಲುತ್ತದೆ. ಇದು ಬ್ರೋಚ್. ಸ್ವಲ್ಪ ಬೇಗನೆ ಹಾಯಿ ಕಿರಿದು ಮಾಡಿಕೊಂಡವರಿಗೆ ಇದರ ಕಾಟ ಕಡಿಮೆ.

ಬೆನ್ನುಗಾಳಿ ಎಲ್ಲಕ್ಕಿಂತ ಸುಲಭ ಅಲ್ವಾ? ಗಾಳಿ ತಳ್ಳುತ್ತದೆ, ನಾವು ಹೋಗುತ್ತೇವೆ.

ದಡದಿಂದ ನೋಡಿದರೆ ಹಾಗೇ ಕಾಣುತ್ತದೆ. ನಾನು ಹೊಸಬರಿಗೆ ಹೆಚ್ಚು ಎಚ್ಚರಿಕೆ ಹೇಳುವುದು ಇದೇ ಓಟದ ಬಗ್ಗೆ.

ಸುಖ ಇಲ್ಲ ಅಂತಲ್ಲ. ತಾಗುವ ಗಾಳಿ ಕಡಿಮೆ ಆದ್ದರಿಂದ ಲೋಕವೇ ತಣ್ಣಗಾಗುತ್ತದೆ. ದೋಣಿ ನೆಟ್ಟಗೆ ನಿಲ್ಲುತ್ತದೆ. ಮಾತಾಡಲು ಕೂಗಬೇಕಾಗಿಲ್ಲ. ದೊಡ್ಡ ಹಾಯಿಯನ್ನು ಒಂದು ಪಕ್ಕಕ್ಕೂ ಮುಂದಿನ ಜಿಬ್ ಹಾಯಿಯನ್ನು ಇನ್ನೊಂದು ಪಕ್ಕಕ್ಕೂ ಬಿಡಿಸಿ ರೆಕ್ಕೆ ಬಿಚ್ಚಿದ ಹಕ್ಕಿಯ ಹಾಗೆ ಹೋಗಬಹುದು. ಕಾನರಿ ದ್ವೀಪಗಳಿಂದ ಕೆರಿಬಿಯನ್‌ಗೆ ಸುಮಾರು 2,700 ನಾಟಿಕಲ್ ಮೈಲಿ ದಾರಿ. ವಾಣಿಜ್ಯ ಮಾರುತಗಳು ಬೆನ್ನಿಗೆ ಬೀಸುವ ಆ ದಾರಿಯಲ್ಲಿ ವಾರಗಟ್ಟಲೆ ಹೀಗೇ ಹೋಗುವವರಿದ್ದಾರೆ. 1492ರಲ್ಲಿ ಕೊಲಂಬಸ್ ಅಟ್ಲಾಂಟಿಕ್ ದಾಟಲು ಹೊರಟದ್ದೂ ಕಾನರಿಯಿಂದಲೇ, ಅದೇ ಗಾಳಿಯನ್ನು ಬೆನ್ನಿಗೆ ಇಟ್ಟುಕೊಂಡು.

ಆದರೆ ಹಾಯಿಯ ಒತ್ತಡ ಪಕ್ಕಕ್ಕೆ ಇಲ್ಲದಿರುವುದರಿಂದ ದೋಣಿ ತೊಟ್ಟಿಲಿನ ಹಾಗೆ ಎಡಕ್ಕೂ ಬಲಕ್ಕೂ ತೂಗುತ್ತದೆ. ಅದಕ್ಕಿಂತ ದೊಡ್ಡ ವಿಷಯ ಜೈಬ್. ಗಾಳಿಯ ದಿಕ್ಕು ಸ್ವಲ್ಪವೇ ಬದಲಾಗಿ ಹಾಯಿಯ ಹಿಂದಿನ ಅಂಚನ್ನು ಆಚೆಯಿಂದ ಹಿಡಿದರೆ, ದೊಡ್ಡ ಹಾಯಿಯ ಬುಡದಲ್ಲಿರುವ ಬೂಮ್ ಎಂಬ ಅಡ್ಡಕಂಬ ಒಂದು ಕಡೆಯಿಂದ ಇನ್ನೊಂದು ಕಡೆಗೆ ಪೂರ್ತಿ ಬೀಸಿ ಬರುತ್ತದೆ. ಅದರ ದಾರಿಯಲ್ಲಿ ತಲೆ ಇದ್ದರೆ ಪ್ರಾಣಕ್ಕೇ ಅಪಾಯ.

ನಾನು ಕಲಿಯುತ್ತಿದ್ದ ಕಾಲದಲ್ಲಿ ಒಮ್ಮೆ ಹೀಗಾಯಿತು. ಬೆನ್ನುಗಾಳಿ, ಬಿಸಿಲು, ಎಲ್ಲರೂ ಹಾಯಾಗಿ ಕೂತಿದ್ದೆವು. ಚುಕ್ಕಾಣಿ ನನ್ನ ಕೈಯಲ್ಲಿತ್ತು. ಜಿಬ್ ಹಾಯಿ ಮೆಲ್ಲಗೆ ಮುದುಡಿ ಆಚೆಗೆ ಹೊರಳಿತು. ಅದು ಮುನ್ಸೂಚನೆ ಅಂತ ನನಗೆ ಆಗ ಗೊತ್ತಿರಲಿಲ್ಲ. ಜೊತೆಗಿದ್ದ ಹಿರಿಯರು "ಬಗ್ಗು!" ಅಂತ ಕೂಗಿದರು. ಬೂಮ್ ನನ್ನ ಕೂದಲಿಗೆ ಗಾಳಿ ಹಾಕಿ ಹೋಯಿತು. ಆಚೆ ಬದಿಯಲ್ಲಿ ಅದು ನಿಂತ ಸದ್ದು ಈಗಲೂ ಕಿವಿಯಲ್ಲಿದೆ. ಅವತ್ತಿನಿಂದ ಬೆನ್ನುಗಾಳಿಯಲ್ಲಿ ಬೂಮ್‌ಗೆ ಮುಂದಕ್ಕೆ ಒಂದು ಹಗ್ಗ ಕಟ್ಟದೆ ನಾನು ದೂರ ಹೋಗುವುದಿಲ್ಲ. ಆ ಹಗ್ಗಕ್ಕೆ ಪ್ರಿವೆಂಟರ್ ಅನ್ನುತ್ತಾರೆ. ನೇರ ಬೆನ್ನಿಗೆ ಗಾಳಿ ಇಟ್ಟುಕೊಳ್ಳುವ ಬದಲು ಹತ್ತು ಹದಿನೈದು ಡಿಗ್ರಿ ಓರೆ ಹೋಗುವುದೂ ಒಳ್ಳೆಯ ಅಭ್ಯಾಸ.

ನೇರ ಹೋಗುವ ಬದಲು ಓರೆ ಹೋದರೆ ದಾರಿ ಉದ್ದ ಆಗಲ್ವಾ?

ಆಗುತ್ತದೆ, ನೀವು ಅಂದುಕೊಂಡಷ್ಟು ಅಲ್ಲ. 30 ಡಿಗ್ರಿ ಓರೆ ಹೋಗಿ, ಅರ್ಧ ದಾರಿಯಲ್ಲಿ ಜೈಬ್ ಮಾಡಿ (ಈ ಸಲ ಬೇಕಂತಲೇ, ಹಾಯಿಯನ್ನು ಹಿಡಿತದಲ್ಲಿಟ್ಟು ಆಚೆ ಬದಿಗೆ ತಂದು) ಇನ್ನೊಂದು ಕಡೆಗೆ ಓರೆ ತಿರುಗಿದರೆ ದಾರಿ ಸುಮಾರು ಶೇ. 15ರಷ್ಟು ಹೆಚ್ಚುತ್ತದೆ. ಮಂದಗಾಳಿಯಲ್ಲಿ ಹಗುರ ದೋಣಿಗೆ ಆ ಕೋನದಲ್ಲಿ ಸಿಗುವ ವೇಗ ಅದಕ್ಕಿಂತ ಎಷ್ಟೋ ಹೆಚ್ಚು. ಅದಕ್ಕೇ ರೇಸ್ ದೋಣಿಗಳು ಗಾಳಿ ಹೋಗುವ ಕಡೆಗೂ ಅಂಕುಡೊಂಕಾಗಿ ಇಳಿಯುತ್ತವೆ.

ಸ್ಪಿನೇಕರ್ ಹಾಕಿದರೆ ಖುಷಿ ಹೆಚ್ಚುತ್ತದಾ?

ಕಣ್ಣಿಗಂತೂ ಹಬ್ಬ. ಸ್ಪಿನೇಕರ್ ಅಂದರೆ ಗಾಳಿ ಹಿಂದಿನಿಂದ ಬರುವಾಗ ಮೂತಿಯ ಮುಂದೆ ಹಾರಿಸುವ ಬಲೂನಿನಂಥ ಹಾಯಿ. ಬಣ್ಣದ ಆ ದೊಡ್ಡ ಹಾಯಿ ಬುಗ್ಗನೆ ಅರಳಿದಾಗ ದೋಣಿಯನ್ನು ಯಾರೋ ಕೈಹಿಡಿದು ಎಳೆದ ಹಾಗೆ ಆಗುತ್ತದೆ. ಆದರೆ ಅದನ್ನು ಏರಿಸಲು, ಇಳಿಸಲು, ಜೈಬ್ ಮಾಡಲು ಪಳಗಿದ ಕೈಗಳು ಬೇಕು. ಇಬ್ಬರೇ ಇದ್ದು ಗಾಳಿ ಏರುವ ಸೂಚನೆ ಕಂಡರೆ ಚೀಲದಲ್ಲೇ ಇರಲಿ.

ದೋಣಿ ಬದಲಾದರೆ ಇಷ್ಟವೂ ಬದಲಾಗುತ್ತದಾ?

ಖಂಡಿತ. ಆಳವಾದ ಕೀಲ್ ಇರುವ ಕಿರಿದಾದ ದೋಣಿ ಎದುರುಗಾಳಿಗೆ ಏರುವುದನ್ನು ನೋಡಿದರೆ ಅದು ಹುಟ್ಟಿದ್ದೇ ಅದಕ್ಕೆ ಅನ್ನಿಸುತ್ತದೆ. ಎರಡು ಒಡಲಿನ ಕಟಮರಾನ್‌ನಲ್ಲಿ ದೂರ ಹೋಗುವವರು ಹೆಚ್ಚಾಗಿ ಅಡ್ಡಗಾಳಿ, ಓರೆಗಾಳಿಯನ್ನು ಹೊಗಳುತ್ತಾರೆ. ಅದು ವಾಲುವುದಿಲ್ಲ, ಓಡುವುದೂ ಜೋರು. ಎದುರು ಅಲೆ ಬಂದಾಗ ಎರಡು ಒಡಲಿನ ನಡುವಿನ ಸೇತುವೆಯ ಅಡಿಗೆ ನೀರು ಧಡ್ ಎಂದು ಬಡಿಯುವುದು ಅವರಿಗೆ ಹಿಡಿಸುವುದಿಲ್ಲ.

ನೀರಿನಿಂದ ಮೇಲೆದ್ದು ರೆಕ್ಕೆಯ ಮೇಲೆ ಓಡುವ ಫಾಯಿಲಿಂಗ್ ದೋಣಿಗಳು ಈ ಲೆಕ್ಕವನ್ನೇ ತಿರುಗಿಸಿವೆ. 2021ರಲ್ಲಿ ಆಕ್ಲೆಂಡ್‌ನಲ್ಲಿ ನಡೆದ ಅಮೆರಿಕಾಸ್ ಕಪ್ ಹಾಯಿದೋಣಿ ರೇಸ್‌ಗೆ ಬಂದ ಎಸಿ75 ದೋಣಿಗಳು 50 ನಾಟ್ ದಾಟಿದವು. ಬೀಸುವ ಗಾಳಿಗಿಂತ ಎಷ್ಟೋ ಜೋರಾಗಿ ಓಡುವುದರಿಂದ ತಾಗುವ ಗಾಳಿ ಯಾವಾಗಲೂ ಮುಂದಿನಿಂದಲೇ ಬರುತ್ತದೆ. ಗಾಳಿ ಹೋಗುವ ಕಡೆಗೆ ಓಡುವಾಗಲೂ ಹಾಯಿ ಬಿಗಿಯಾಗಿಯೇ ಇರುತ್ತದೆ. ಅವುಗಳ ಮೇಲೆ ನಿಂತವರಿಗೆ ಬೆನ್ನಿಗೆ ತಾಗುವ ಗಾಳಿ ಅನ್ನೋದೇ ಇಲ್ಲ. 2012ರ ನವೆಂಬರಿನಲ್ಲಿ ನಮೀಬಿಯಾದ ವಾಲ್ವಿಸ್ ಬೇಯಲ್ಲಿ ಪಾಲ್ ಲಾರ್ಸೆನ್ ಓಡಿಸಿದ ಸೇಲ್‌ರಾಕೆಟ್ 2, 500 ಮೀಟರ್ ದೂರವನ್ನು ಸರಾಸರಿ 65.45 ನಾಟ್‌ನಲ್ಲಿ ದಾಟಿತು. ಗಂಟೆಗೆ 121 ಕಿಲೋಮೀಟರ್, ಬರೀ ಗಾಳಿಯಿಂದ.

ಹೊಟ್ಟೆ ತೊಳಸುವವರಿಗೆ ಯಾವುದು ಒಳ್ಳೆಯದು?

ಹೆಚ್ಚಿನವರಿಗೆ ಅಡ್ಡಗಾಳಿ ಅಥವಾ ಕ್ಲೋಸ್ ರೀಚ್. ಹಾಯಿಯ ಮೇಲಿನ ಒತ್ತಡ ದೋಣಿಯನ್ನು ಒಂದು ಕಡೆಗೆ ಒತ್ತಿ ಹಿಡಿದಿರುತ್ತದೆ, ತೂಗಾಟ ಕಡಿಮೆ. ಬೆನ್ನುಗಾಳಿಯ ತೂಗಾಟವೇ ಕೆಟ್ಟದ್ದು. ಹೊರಗೆ ಕೂತು ದೂರದ ಬಾನಂಚು ನೋಡಿ. ಸಾಧ್ಯವಾದರೆ ಚುಕ್ಕಾಣಿ ಹಿಡಿಯಿರಿ. ಓಡಿಸುವವರಿಗೆ ತೊಳಸುವುದು ಕಡಿಮೆ.

ಬೆನ್ನುಗಾಳಿಯಿಂದ ತಿರುಗಿ ಎದುರುಗಾಳಿಗೆ ಬಂದಾಗ ಯಾಕೆ ಅಷ್ಟು ಗಾಬರಿ ಆಗುತ್ತದೆ?

ತಾಗುವ ಗಾಳಿ ಒಮ್ಮೆಲೆ ಏರುತ್ತದೆ. 20 ನಾಟ್ ಗಾಳಿಯಲ್ಲಿ 7 ನಾಟ್ ಓಡುತ್ತಾ ಇಳಿಯುತ್ತಿದ್ದರೆ ನಿಮಗೆ ತಾಗುವುದು 13 ನಾಟ್ ಮಾತ್ರ. ಹಿತವಾಗಿರುತ್ತದೆ. ತಿರುಗಿ 45 ಡಿಗ್ರಿಯಲ್ಲಿ 6 ನಾಟ್ ಏರಲು ಶುರು ಮಾಡಿದರೆ ಅದೇ ಗಾಳಿ ಸುಮಾರು 25 ನಾಟ್ ಆಗಿ ಬಡಿಯುತ್ತದೆ. ಒತ್ತಡ ಮೂರೂವರೆ ಪಟ್ಟಿಗೂ ಹೆಚ್ಚು. ಒಬ್ಬರು ನೀರಿಗೆ ಬಿದ್ದು, ಅವರನ್ನು ಎತ್ತಲು ತಕ್ಷಣ ತಿರುಗಬೇಕಾದರೆ ಇದು ದೊಡ್ಡ ವಿಷಯ. ಹಾಗಾಗಿ ಇಳಿಯುವಾಗಲೇ ನೀರಿನ ಮೇಲೆ ಕಣ್ಣಿಡಿ. ಅಲ್ಲಲ್ಲಿ ಬಿಳಿ ನೊರೆ ಪದೇ ಪದೇ ಕಾಣುತ್ತಿದ್ದರೆ ಗಾಳಿ ಬ್ಯೂಫೋರ್ಟ್ ಮಾಪನದ 4ಕ್ಕೆ, ಅಂದರೆ 11ರಿಂದ 16 ನಾಟ್‌ಗೆ ಬಂದಿದೆ. ಎಲ್ಲ ಕಡೆ ನೊರೆ ಆದರೆ ಅದನ್ನೂ ದಾಟಿದೆ. ರೀಫ್ ಮಾಡಬೇಕಾ ಅಂತ ಪ್ರಶ್ನೆ ಬಂದ ಕ್ಷಣವೇ ಮಾಡಿಬಿಡಿ, ಹಾಯಿಯನ್ನು ಮಡಿಸಿ ಕಿರಿದು ಮಾಡಿ.

ಹೊಸಬರು ಯಾವುದರಿಂದ ಶುರು ಮಾಡಬೇಕು?

ಅಡ್ಡಗಾಳಿಯಿಂದ. ಮೂತಿಯನ್ನು ಗಾಳಿಗೆ ಅಡ್ಡ ಇಟ್ಟು ಹಾಯಿಯನ್ನು ಪೂರ್ತಿ ಬಿಡಿ. ಅದು ಬಡಿಯುತ್ತದೆ. ಈಗ ಹಾಯಿಯ ಹಗ್ಗವನ್ನು, ಅಂದರೆ ಶೀಟನ್ನು, ಮೆಲ್ಲಗೆ ಎಳೆಯಿರಿ. ಮುಂದಿನ ಅಂಚಿನ ಬಡಿತ ನಿಂತ ಕೂಡಲೇ ಎಳೆಯುವುದನ್ನು ನಿಲ್ಲಿಸಿ. ಅದೇ ಹದ. ಮತ್ತೆ ಬಿಡಿ, ಮತ್ತೆ ಎಳೆಯಿರಿ. ಗಾಬರಿ ಆದಾಗ ಹಗ್ಗ ಬಿಟ್ಟರೆ ದೋಣಿ ನಿಲ್ಲುತ್ತದೆ ಅಂತ ಕೈಗೆ ಗೊತ್ತಾಗುವವರೆಗೆ ಇದನ್ನೇ ಮಾಡಿ. ಬೆನ್ನುಗಾಳಿಯಲ್ಲಿ ಹೀಗೆ ಹಗ್ಗ ಬಿಟ್ಟು ನಿಲ್ಲಿಸೋಕಾಗಲ್ಲ, ನೆನಪಿರಲಿ.

ಆಮೇಲೆ ಒಂದು ದಿನ ಕಣ್ಣು ಮುಚ್ಚಿ ಕೂತು, ಗಾಳಿ ಯಾವ ಕಿವಿಗೆ ಎಷ್ಟು ತಾಗುತ್ತಿದೆ ಎಂದು ಗಮನಿಸಿ (ಚುಕ್ಕಾಣಿ ಬೇರೆಯವರ ಕೈಯಲ್ಲಿರಲಿ!). ಮುಖ ತಿರುಗಿಸುತ್ತಾ ಹೋಗಿ. ಎರಡೂ ಕಿವಿಯಲ್ಲಿ ಗಾಳಿಯ ಸದ್ದು ಸಮ ಆದಾಗ ನಿಮ್ಮ ಮೂಗು ಗಾಳಿಯ ಕಡೆಗೇ ಇರುತ್ತದೆ. ಯಾವ ಉಪಕರಣಕ್ಕೂ ಕಾಯದೆ ಗಾಳಿ ಓದುವುದು ಹೀಗೆ.

ರಾತ್ರಿ ಹೊತ್ತಿನಲ್ಲಿ?

ರಾತ್ರಿಗೆ ನನ್ನ ಆಯ್ಕೆ ಓರೆಗಾಳಿ. ಎದುರುಗಾಳಿಯ ಸದ್ದು ಕತ್ತಲಲ್ಲಿ ಇಮ್ಮಡಿ ಆಗಿ ಕೇಳಿಸುತ್ತದೆ, ಒಳಗೆ ಮಲಗಿದವರಿಗೆ ನಿದ್ದೆ ಬರುವುದಿಲ್ಲ. ಓರೆಗಾಳಿಯಲ್ಲಿ ದೋಣಿ ಉದ್ದುದ್ದ ಹೆಜ್ಜೆ ಹಾಕುತ್ತದೆ. ಬೆಳಕು ಸೂಸುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಇದ್ದರೆ ಹಿಂದೆ ಹಸಿರು-ನೀಲಿ ಬೆಳಕಿನ ಜಾಡು ಬಿಚ್ಚಿಕೊಳ್ಳುತ್ತದೆ. ಒಂದು ನಕ್ಷತ್ರವನ್ನು ಕೂವೆಕಂಬದ ಪಕ್ಕಕ್ಕೆ ಇಟ್ಟುಕೊಂಡು ಓಡಿಸಬಹುದು. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಬೇರೆ ನಕ್ಷತ್ರ ಆರಿಸಿಕೊಳ್ಳಬೇಕು, ಅವು ಸರಿಯುತ್ತವೆ.

ಕೊನೆಗೆ, ಒಂದೇ ಒಂದನ್ನು ಆರಿಸು ಅಂದರೆ?

ಎದುರುಗಾಳಿ. ಬೆಳಗಿನ ಹೊತ್ತು, ಸಮ ನೀರು, ಆಗಷ್ಟೇ ಎದ್ದ ಗಾಳಿ. ದೋಣಿ ಇಪ್ಪತ್ತು ಡಿಗ್ರಿ ವಾಲಿದೆ. ಗಾಳಿ ಬರುವ ಬದಿಯ ಅಂಚಿನಲ್ಲಿ ಕೂತಿದ್ದೇನೆ, ಕಾಲು ಎದುರಿನ ಬೆಂಚಿಗೆ ಒತ್ತಿದೆ. ದೂರದ ನೀರಿನ ಮೇಲೆ ಕಪ್ಪು ತೇಪೆಯ ಹಾಗೆ ಒಂದು ಬಿರುಗಾಳಿಯ ತುಣುಕು ಬರುತ್ತಿರುವುದು ಕಾಣುತ್ತದೆ. ಬರುತ್ತದೆ ಅಂತ ಗೊತ್ತು. ಕೆನ್ನೆಗೆ ತಾಗುವ ಒಂದು ಕ್ಷಣ ಮೊದಲೇ ಬೆರಳು ಚುಕ್ಕಾಣಿಯನ್ನು ಸಡಿಲ ಬಿಟ್ಟಿರುತ್ತದೆ, ಮೂತಿ ಮೆಲ್ಲಗೆ ಏರಲು ಶುರುವಾಗಿರುತ್ತದೆ.